ಖಾಸಗಿ ಪ್ರವಾಸಕ್ಕೆ ಇನ್ನೂರು ಜನ

ಫ್ಲಾನ್ ಹೆಹಿರ್ ಆ ಕಪ್ಪು ಕಾರನ್ನು ಮನೆಗೆ ತಂದ ದಿನ ಅವನ ಹೆಂಡತಿ ಡೆಲಿಯಾ ಬಾಗಿಲಲ್ಲಿ ನಿಂತು ಅದನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ನೋಡಿ ಮುಗಿಸುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಕಾರು ಅಷ್ಟು ಉದ್ದವಿತ್ತು.

"ಇದು ಶವಯಾತ್ರೆ ಕಾರಲ್ವಾ?" ಅಂದಳು.

"ಆಗಿತ್ತು. ಈಗ ಪ್ರವಾಸದ ಕಾರು."

ಲಿಮರಿಕ್ ಪಟ್ಟಣದ ಒಬ್ಬ ಶವಸಂಸ್ಕಾರದವನು ಅಂಗಡಿ ಮುಚ್ಚುವಾಗ ಮಾರಿದ ಕಾರು ಅದು. ಹೆಣದ ಗಾಡಿಯ ಹಿಂದೆ ಸತ್ತವರ ಮನೆಯವರನ್ನು ಕೂರಿಸಿಕೊಂಡು ಹೋಗುವಂಥದ್ದು. ಒಳಗೆ ಮೂರು ಸಾಲು ಮೆತ್ತನೆಯ ಆಸನ, ಕಿಟಕಿಗೆ ಬೂದುಬಣ್ಣದ ಪರದೆ. ಮೂವತ್ತು ವರ್ಷ ಹೆಣದ ಹಿಂದೆ ಹೋಗಿ ಹೋಗಿ ಅದಕ್ಕೆ ನಡಿಗೆಯೇ ಸ್ವಭಾವವಾಗಿಬಿಟ್ಟಿತ್ತು. ಗಂಟೆಗೆ ಹದಿನೈದು ಮೈಲಿ ದಾಟಿದರೆ ಬಾನೆಟ್ಟು ನಡುಗುತ್ತಿತ್ತು. ಇಪ್ಪತ್ತಕ್ಕೆ ಬಾಗಿಲುಗಳು ತಾವೇ ಇಳಿದು ಹೋಗುವ ಮನಸ್ಸು ಮಾಡುತ್ತಿದ್ದವು.

ಫ್ಲಾನ್ ಇಪ್ಪತ್ತಾರು ವರ್ಷ ಹಾಲಿನ ಡೇರಿಯ ಲಾರಿ ಓಡಿಸಿದವನು. ಡೇರಿ ಮುಚ್ಚಿದ ಮೇಲೆ ಎರಡು ತಿಂಗಳು ಮನೆಯಲ್ಲಿ ಕೂತು, ಮೂರನೆಯ ತಿಂಗಳು ಒಂದು ಚೀಟಿ ಅಚ್ಚು ಹಾಕಿಸಿದ: 'ಫ್ಲಾನ್ ಹೆಹಿರ್, ಮಾರ್ಗದರ್ಶಿ. ಒಂದು ದಿನದ ಖಾಸಗಿ ಪ್ರವಾಸ. ಕೋಟೆ, ಕಡಲ ಪ್ರಪಾತ, ಸುಣ್ಣಕಲ್ಲಿನ ಬಯಲು.' ಅಂದಿನಿಂದ ಯಾರಾದರೂ ಡ್ರೈವರ್ ಅಂದರೆ ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಡೆಲಿಯಾ ಚೀಟಿಯನ್ನು ಎರಡು ಸಲ ಓದಿ ಮೇಜಿನ ಮೇಲಿಟ್ಟಳು. "ಶನಿವಾರದೊಳಗೆ ಒಂದು ಪ್ರವಾಸ ನೆಟ್ಟಗೆ ಮಾಡಿ ಆ ಹೋಟೆಲ್‌ನೋರ ಮಾರ್ಗದರ್ಶಿಗಳ ಪಟ್ಟೀಲಿ ಹೆಸರು ಹಾಕಿಸ್ಕೊ. ಆಗ್ಲಿಲ್ವಾ, ಕಾರು ವಾಪಸ್ಸು. ನೀನು ಸೋಮವಾರದಿಂದ ಗಸ್ ಜೊತೆ."

ಗಸ್ ಲಿಲ್ಲಿಸ್ ಅವಳ ತಮ್ಮ. ಮನೆಮನೆಯ ಸೆಪ್ಟಿಕ್ ಟ್ಯಾಂಕು ಖಾಲಿ ಮಾಡುವುದು ಅವನ ಕಸುಬು. ಫ್ಲಾನನಿಗೆ ಭಾವಮೈದುನನ ಮೇಲೆ ಪ್ರೀತಿಯೇನೋ ಇತ್ತು. ಆದರೆ ಆ ಪ್ರೀತಿ ಎಷ್ಟು ಹತ್ತಿರದಿಂದ ಎನ್ನುವುದನ್ನು ಗಾಳಿಯ ದಿಕ್ಕು ನಿರ್ಧರಿಸುತ್ತಿತ್ತು.

ಹೋಟೆಲಿನ ಮ್ಯಾನೇಜರ್ ಮಿಸ್ ಟಾಲ್ಟಿ ಕೆಟ್ಟವಳಲ್ಲ, ಕಟ್ಟುನಿಟ್ಟಿನವಳು. "ಬುಧವಾರ ಒಂದು ಡಚ್ ದಂಪತಿ ಇದಾರೆ, ಬೋಸ್ಮಾ ಅಂತ," ಅಂದಳು. "ಅವರಿಗೆ ಗುಂಪು ಅಂದ್ರೆ ಆಗಲ್ಲ. ಬಸ್ಸಿನ ಪ್ರವಾಸ ಬೇಡ ಅಂತ್ಲೇ ಖಾಸಗಿ ಕೇಳಿದಾರೆ. ಸಂಜೆ ಅವರು ಖುಷಿಯಾಗಿ ವಾಪಸ್ ಬಂದ್ರೆ ನಿನ್ನ ಹೆಸರು ಪಟ್ಟೀಲಿ. ಇಲ್ದಿದ್ರೆ ಇಲ್ಲ. ಮೂರನೇ ತಲೆ ಕಾಣಬಾರ್ದು, ತಿಳೀತಾ?"

"ಕುರಿ ತಲೆ ಕಂಡ್ರೆ?"

"ಕುರಿ ಪರವಾಗಿಲ್ಲ."

ಈಗ ಇಲ್ಲೊಂದು ವಿಷಯ ಹೇಳಬೇಕು. ಫ್ಲಾನನ ಊರಿರುವ ಈ ಕ್ಲೇರ್ ಸೀಮೆಯಲ್ಲಿ ನೀವು ಮದುವೆಗೆ ಹೋಗದಿದ್ದರೆ ಕ್ಷಮಿಸುತ್ತಾರೆ. ಶವಯಾತ್ರೆಗೆ ಹೋಗದಿದ್ದರೆ ನಿಮ್ಮ ಮೊಮ್ಮಕ್ಕಳ ಕಾಲದವರೆಗೂ ನೆನಪಿಟ್ಟುಕೊಳ್ಳುತ್ತಾರೆ. ದಿನಾ ಬೆಳಗ್ಗೆ ಒಂಬತ್ತಕ್ಕೆ ರೇಡಿಯೊದಲ್ಲಿ ಸತ್ತವರ ಹೆಸರು ಓದುತ್ತಾರೆ. ಆ ಐದು ನಿಮಿಷ ಹಾಲು ಕರೆಯುವ ಕೈಯೂ ನಿಲ್ಲುತ್ತದೆ. ಅಂಥ ಊರಿನಲ್ಲಿ ಎದುರಿಗೆ ಬಂದ ಶವಯಾತ್ರೆ ನೋಡಿ 'ಇದು ಯಾರದು' ಎಂದು ಕೇಳುವುದೆಂದರೆ, ನನಗೆ ನೆರೆಹೊರೆಯ ಗೊಡವೆಯಿಲ್ಲ ಎಂದು ನೀವೇ ಡಂಗುರ ಹೊಡೆದಂತೆ. ಆದ್ದರಿಂದ ಯಾರೂ ಕೇಳುವುದಿಲ್ಲ. ಟೋಪಿ ತೆಗೆದು, ಶಿಲುಬೆ ಗುರುತು ಮಾಡಿಕೊಂಡು, ಹಿಂದೆ ಹೋಗುತ್ತಾರೆ. ಸಮಾಧಿ ತಲುಪುವಷ್ಟರಲ್ಲಿ ಹೆಸರು ಹೇಗೋ ಕಿವಿಗೆ ಬಿದ್ದಿರುತ್ತದೆ.

ಮಂಗಳವಾರ ರಾತ್ರಿಯ ಗಾಳಿಗೆ ರೇಡಿಯೊ ಗೋಪುರ ಅಡ್ಡ ಮಲಗಿತು. ಬುಧವಾರ ಒಂಬತ್ತಕ್ಕೆ ಸೀಮೆಯ ರೇಡಿಯೊಗಳೆಲ್ಲ ಕಾದ ಬಾಣಲೆಯಂತೆ ಚರಚರ ಎಂದವು. ತಮ್ಮ ಮನೆಯದೊಂದೇ ಕೆಟ್ಟಿದೆ ಎಂದುಕೊಂಡ ಪ್ರತಿಯೊಬ್ಬರೂ ಆ ಸಂಗತಿಯನ್ನು ಗುಟ್ಟಾಗಿಟ್ಟರು.

ಒಂಬತ್ತೂವರೆಗೆ ಫ್ಲಾನ್ ಕಪ್ಪು ಸೂಟು ಹಾಕಿಕೊಂಡು ಹೋಟೆಲಿನ ಮುಂದೆ ನಿಂತ. ಅವನಲ್ಲಿದ್ದ ಸೂಟು ಅದೊಂದೇ. ಬೋಸ್ಮಾ ದಂಪತಿ ಕಪ್ಪು ಮಳೆಯಂಗಿ ತೊಟ್ಟು ಬಂದರು. ಗಂಡ ಎತ್ತರದ ಮನುಷ್ಯ. ಸೇತುವೆಗಳ ಪರೀಕ್ಷಕನಾಗಿ ನಿವೃತ್ತನಾದವನು. ಕೈಯಲ್ಲಿ ಒಂದು ಹಾಳೆ, ಅದರಲ್ಲಿ ಕೋಟೆಗೆ ಎಷ್ಟು ಗಂಟೆ, ಪ್ರಪಾತಕ್ಕೆ ಎಷ್ಟು ಗಂಟೆ ಎಂದು ಗೆರೆ ಎಳೆದಿತ್ತು. ಹೆಂಡತಿಗೆ ಮೇ ತಿಂಗಳ ಹುಲ್ಲಿನ ಹೂಪುಡಿ ಆಗುತ್ತಿರಲಿಲ್ಲ. ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. ಕರವಸ್ತ್ರವನ್ನು ಮೂಗಿನಿಂದ ಇಳಿಸುವ ಹಾಗೇ ಇರಲಿಲ್ಲ.

"ಪರದೆ ಚೆನ್ನಾಗಿದೆ," ಅಂದಳು ಆಕೆ, ಕಾರು ಹತ್ತುತ್ತ.

"ನಿಮ್ಮ ಖಾಸಗಿತನಕ್ಕೆ ಮೇಡಂ," ಅಂದ ಫ್ಲಾನ್.

ಮೊದಲ ತಿರುವಿನಲ್ಲಿ ಥೇಡಿ ಕ್ವೀಲಿ ಟ್ರ್ಯಾಕ್ಟರ್ ಮೇಲೆ ಎದುರಾದ. ಉದ್ದನೆಯ ಕಪ್ಪು ಕಾರು, ಅದರ ನಿಧಾನ, ಒಳಗೆ ಕಪ್ಪು ಬಟ್ಟೆಯ ಹೆಂಗಸು ಕಣ್ಣೊರೆಸಿಕೊಳ್ಳುತ್ತಿರುವುದು, ಎಲ್ಲವನ್ನೂ ನೋಡಿದ. ಫ್ಲಾನ್ ಶವಸಂಸ್ಕಾರದವರ ಕಡೆ ಕೆಲಸಕ್ಕೆ ಸೇರಿದ್ದಾನೆಂದು ಮೂರು ದಿನದ ಹಿಂದೆ ಆ ಕಾರು ಬಂದಾಗಲೇ ಊರು ತೀರ್ಮಾನಿಸಿತ್ತು. ಥೇಡಿ ಟ್ರ್ಯಾಕ್ಟರನ್ನು ಗೋಡೆಗೆ ಒತ್ತಿ ನಿಲ್ಲಿಸಿ ಟೋಪಿ ತೆಗೆದ. ಹೆಣದ ಗಾಡಿ ಆಗಲೇ ಮುಂದೆ ಹೋಗಿರಬೇಕು, ನಾನು ನೋಡಲಿಲ್ಲ, ಎಂಥ ಅವಮಾನ ಎಂದುಕೊಂಡು ಟ್ರ್ಯಾಕ್ಟರ್ ತಿರುಗಿಸಿ ಹಿಂದೆ ಬಿದ್ದ.

ಥೇಡಿ ಟೋಪಿಯಿಲ್ಲದೆ ಟ್ರ್ಯಾಕ್ಟರ್ ಓಡಿಸುವುದನ್ನು ನೋಡಿ ಅಂಚೆಯವನು ಹಿಂಬಾಲಿಸಿದ. ಅಂಚೆಯವನನ್ನು ನೋಡಿ ಬ್ರೆಡ್ಡಿನ ವ್ಯಾನು. ಬ್ರೆಡ್ಡಿನ ವ್ಯಾನಿನ ಹಿಂದೆ, ಬ್ರೆಡ್ಡಿಗಾಗಿ ಕಾದಿದ್ದ ನಾಲ್ಕು ಕಾರು.

ಎರಡು ಮೈಲಿ ಆದ ಮೇಲೆ ಫ್ಲಾನ್ ಕನ್ನಡಿಯಲ್ಲಿ ನೋಡಿದ. ಹಗಲು ಹೊತ್ತಿನಲ್ಲಿ ದೀಪ ಹಾಕಿಕೊಂಡು ಹನ್ನೊಂದು ವಾಹನಗಳು ಸಾಲಾಗಿ ಬರುತ್ತಿದ್ದವು. ಯಾರೂ ಹಾರ್ನ್ ಮಾಡುತ್ತಿರಲಿಲ್ಲ. ಯಾರೂ ಮುಂದೆ ನುಗ್ಗುತ್ತಿರಲಿಲ್ಲ. ಫ್ಲಾನನ ತಲೆ ನಿಧಾನವಾಗಿ, ಆದರೆ ಒಂದು ಹೆಜ್ಜೆಯನ್ನೂ ಬಿಡದೆ ಕೆಲಸ ಮಾಡುವಂಥದ್ದು. ಇದು ಶವಯಾತ್ರೆ. ಶವಯಾತ್ರೆಯಾದರೆ ಮುಂದೆ ಹೆಣದ ಗಾಡಿ ಇರಬೇಕು. ಹಾಗಾದರೆ ನಾನು ಹೆಣಕ್ಕೂ ಹೆಣದ ಕಡೆಯವರಿಗೂ ನಡುವೆ ನುಗ್ಗಿಬಿಟ್ಟಿದ್ದೇನೆ.

ಪಕ್ಕಕ್ಕೆ ಸರಿಯೋಣವೆಂದರೆ ಎರಡೂ ಕಡೆ ಕಲ್ಲಿನ ಗೋಡೆ. ಬೇಗ ಹೋಗೋಣವೆಂದರೆ ಮುಂದಿನ ಗಾಡಿಯನ್ನು ಹಿಂದೆ ಹಾಕಿದ ಪಾಪ. ಅವನು ವೇಗವನ್ನು ಹತ್ತು ಮೈಲಿಗೆ ಇಳಿಸಿದ. ಹಿಂದಿದ್ದವರು ಇದನ್ನು ನೋಡಿ, ಸತ್ತವರು ಬಹಳ ದೊಡ್ಡ ಮನುಷ್ಯರೇ ಇರಬೇಕು ಎಂದುಕೊಂಡರು.

"ಇನ್ನೂ ನಿಧಾನವಾಯಿತಲ್ಲ," ಅಂದ ಮಿಸ್ಟರ್ ಬೋಸ್ಮಾ.

"ಈ ದಾರೀಲಿ ನೋಡೋದು ಬಹಳ ಇದೆ ಸಾರ್."

"ಗೋಡೆ ಇದೆ."

"ಗೋಡೆನೂ ಹಳೇದೇ ಸಾರ್."

ಕೋಟೆಯ ಉಸ್ತುವಾರಿ ನೋರಾ ಮಾರಿನನ್ ಎಂಬ ವಿಧವೆಯದು. ಟಿಕೆಟ್ ಕಿಟಕಿಯಿಂದ ಆಕೆ ಈ ಮೆರವಣಿಗೆಯನ್ನು ನೋಡಿ ಎದ್ದು ನಿಂತಳು. ಫ್ಲಾನ್ ಬಂದು "ಮೂರು ಟಿಕೆಟ್" ಅಂದಾಗ ಅವನ ಮುಖವನ್ನೇ ದಿಟ್ಟಿಸಿದಳು.

"ಟಿಕೆಟ್ಟಾ? ಇವತ್ತಿನ ದಿನಾನಾ?" ಅಷ್ಟರಲ್ಲಿ ಮಿಸೆಸ್ ಬೋಸ್ಮಾಳ ಕಣ್ಣು ಅವಳಿಗೆ ಕಾಣಿಸಿತು. "ಅಯ್ಯೋ ಪಾಪ. ಬನ್ನಿ ಅಮ್ಮಾ, ಒಳಗೆ ಬನ್ನಿ. ಮೆಟ್ಟಿಲು ಗಿಟ್ಟಿಲು ಹತ್ಬೇಡಿ ಈ ಸ್ಥಿತೀಲಿ. ಕೂತ್ಕೊಳಿ, ಒಂದ್ಲೋಟ ಟೀ ಕುಡೀರಿ."

ಹೀಗೆ ಬೋಸ್ಮಾ ದಂಪತಿ ಆರುನೂರು ವರ್ಷ ಹಳೆಯ ಕೋಟೆಯನ್ನು ಟಿಕೆಟ್ ಕೋಣೆಯ ಎರಡು ಕುರ್ಚಿಗಳ ಮೇಲೆ ಕೂತು ನೋಡಿದರು.

"ಕೋಟೆ ಯಾವಾಗ ತೋರಿಸ್ತೀರಿ?" ಅಂದ ಗಂಡ.

ನೋರಾ ಬಾಗಿಲಲ್ಲಿ ನಿಂತಿದ್ದ ಥೇಡಿಯ ಕಡೆ ತಿರುಗಿ ಪಿಸುಗುಟ್ಟಿದಳು. "ದುಃಖ ತಲೆಗೆ ಹೋಗಿದೆ ಕಣೋ. ಹೀಗೇ ಏನೇನೋ ಮಾತಾಡ್ತಾರೆ. ನಮ್ಮ ಯಜಮಾನ್ರು ಹೋದಾಗ ನಾನೂ ಎರಡು ದಿನ ಕೋಳಿ ಎಣಿಸ್ತಿದ್ದೆ."

ಆಮೇಲೆ ಅವಳು ಫ್ಲಾನನನ್ನು ಮೂಲೆಗೆ ಕರೆದಳು. ಹೆಸರು ತಿಳಿಯಬೇಕಿತ್ತು, ಕೇಳುವಂತಿರಲಿಲ್ಲ.

"ಅಂಥೋರು ಇನ್ನು ಸಿಗಲ್ಲ ಬಿಡು," ಅಂದಳು, ಕಣ್ಣಂಚಿನಿಂದ ಅವನನ್ನು ಅಳೆಯುತ್ತ.

ಫ್ಲಾನನ ಜೀವಕ್ಕೆ ಸ್ವಲ್ಪ ಸಮಾಧಾನವಾಯಿತು. ಇವಳಿಗೆ ಗೊತ್ತಿದೆ. ಇವಳ ಬಾಯಿಂದ ಹೊರಡಿಸಬೇಕು. "ಎಲ್ಲಿ ಸಿಗ್ತಾರೆ," ಅಂದ.

"ವಯಸ್ಸೇನೋ ಆಗಿತ್ತು."

"ಆಗಿತ್ತು. ಆದ್ರೂ ಅಷ್ಟೇನಲ್ಲ."

"ಹೌದೌದು, ಅಷ್ಟೇನಲ್ಲ. ನರಳಿದ್ರಾ?"

"ನರಳೋದು ಅಂದ್ರೆ... ಅವರ ಸ್ವಭಾವ ನಿಂಗೊತ್ತಲ್ಲ."

"ಗೊತ್ತಿಲ್ದೆ ಏನು. ಯಾರಿಗೂ ಹೇಳ್ಕೊಳೋರಲ್ಲ."

ಇಬ್ಬರೂ ತಲೆಯಾಡಿಸಿದರು. ಇಬ್ಬರಿಗೂ ಮೊದಲಿಗಿಂತ ಕಡಿಮೆ ಗೊತ್ತಿತ್ತು. ನೋರಾ ಕೋಟೆಗೆ ಬೀಗ ಹಾಕಿ, ತಲೆಗೆ ಕಪ್ಪು ಸ್ಕಾರ್ಫ್ ಕಟ್ಟಿ, ಬ್ರೆಡ್ಡಿನ ವ್ಯಾನು ಹತ್ತಿ ಕೂತಳು.

ಪ್ರಪಾತದ ದಾರಿ ಹಿಡಿದು ಮತ್ತೆ ಪೇಟೆಬೀದಿಗೆ ಬರುವಷ್ಟರಲ್ಲಿ ಸಾಲು ನಲವತ್ತು ದಾಟಿತ್ತು. ಅಂಗಡಿಗಳು ಒಂದೊಂದಾಗಿ ಪರದೆ ಇಳಿಸಿದವು. ಹೆಂಡದಂಗಡಿಯವನು ಗಿರಾಕಿಗಳನ್ನು ಲೋಟದ ಸಮೇತ ಹೊರಗೆ ಕರೆತಂದು ಸಾಲಾಗಿ ನಿಲ್ಲಿಸಿದ. ಕಾರು ದಾಟಿದ ಮೇಲೆ ಲೋಟಗಳನ್ನು ಕಿಟಕಿಯ ಮೇಲಿಟ್ಟು ಎಲ್ಲರೂ ಹೊರಟರು. ಗಸ್ ತನ್ನ ಟ್ಯಾಂಕರಿನೊಂದಿಗೆ ಸಾಲಿನ ಬಾಲಕ್ಕೆ ಸೇರಿಕೊಂಡ. ತಲೆ ಎಲ್ಲಿದೆಯೋ ಅವನಿಗೆ ಕಾಣಲಿಲ್ಲ. ಟ್ಯಾಂಕು ತುಂಬಿದ್ದರಿಂದ ಸತ್ತವರ ಗೌರವಕ್ಕಾಗಿ ಐವತ್ತು ಗಜ ಅಂತರ ಬಿಟ್ಟು ಬಂದ.

ಹೋಟೆಲಿನ ಕಿಟಕಿಯಿಂದ ಮಿಸ್ ಟಾಲ್ಟಿಯೂ ನೋಡಿದಳು. ಮೊದಲ ಕಾರು ಪ್ರವಾಸದ್ದೆಂದು ನೋಡಿದವರಲ್ಲಿ ಅವಳೊಬ್ಬಳಿಗೆ ಖಚಿತವಾಗಿ ಗೊತ್ತಿತ್ತು. ಆದರೆ ಹಿಂದಿನವರೆಲ್ಲ ಪ್ರವಾಸಿಗರಲ್ಲವಲ್ಲ. ದಡ್ಡ ಫ್ಲಾನ್ ಯಾರದೋ ಶವಯಾತ್ರೆಯ ಮಧ್ಯೆ ಸಿಕ್ಕಿಕೊಂಡಿದ್ದಾನೆ, ಅಲ್ಲಿಗೆ ಪಟ್ಟಿಯ ಮಾತು ಮುಗಿಯಿತು ಎಂದು ಹಲ್ಲು ಕಚ್ಚಿದಳು. ಮರುಕ್ಷಣ ಇನ್ನೊಂದು ಯೋಚನೆ ಬಂತು. ಇಷ್ಟು ದೊಡ್ಡ ಶವಯಾತ್ರೆ ತನಗೆ ತಿಳಿಯದೆ ಹೋಗುತ್ತಿದೆಯಲ್ಲ. ಸ್ವಾಗತದ ಮೇಜಿನ ಮೇಲೆ 'ಈಗ ಬರುತ್ತೇವೆ' ಎಂಬ ಹಲಗೆ ಇಟ್ಟು ಕೋಟು ಹಾಕಿಕೊಂಡಳು.

ಪ್ರಪಾತದ ತಿರುವಿನಲ್ಲಿ ಫ್ಲಾನ್ ಕಾರು ನಿಲ್ಲಿಸುವ ಜಾಗಕ್ಕೆ ತಿರುಗಲು ಕೈ ತೋರಿಸಿದ. ಪೊಲೀಸ್ ಸಾರ್ಜೆಂಟ್ ಓಡಿ ಬಂದು ಬಿಳಿ ಕೈಗವಸಿನ ಕೈಯನ್ನು ಮುಂದಕ್ಕೆ ಬೀಸಿದ.

"ನೇರ ಹೋಗು ಫ್ಲಾನ್, ನೇರ. ಬಸ್ಸುಗಳನ್ನೆಲ್ಲ ನಿಲ್ಲಿಸಿದೀನಿ. ನಿಂಗೆ ಅಡ್ಡ ಬರೋರು ಯಾರೂ ಇಲ್ಲ."

"ಸಾರ್ಜೆಂಟ್ರೇ, ನಂಗೆ ಇಲ್ಲಿ ಐದು ನಿಮಿಷ..."

"ಐದು ನಿಮಿಷ ನಿಂತ್ರೆ ಹಿಂದಿನೋರು ನಾಳೆವರ್ಗೂ ನಿಲ್ತಾರೆ. ಹೋಗಪ್ಪ, ಭಗವಂತ ಒಳ್ಳೇದು ಮಾಡ್ಲಿ."

ಏಳುನೂರು ಅಡಿ ಎತ್ತರದ ಬಂಡೆಗೋಡೆ, ಕೆಳಗೆ ಅಟ್ಲಾಂಟಿಕ್, ಸಾವಿರಾರು ಹಕ್ಕಿ, ಎಲ್ಲವೂ ನಿಂತ ಎರಡು ಬಸ್ಸುಗಳ ನಡುವಿನ ಸಂದಿಯಲ್ಲಿ ಒಮ್ಮೆ ಕಾಣಿಸಿಕೊಂಡವು. ಬಸ್ಸಿನ ಮುಂದೆ ಎಂಬತ್ತು ಜಪಾನಿ ಪ್ರವಾಸಿಗರು ತಲೆಬಾಗಿ ನಿಂತಿದ್ದರು. ಮಿಸೆಸ್ ಬೋಸ್ಮಾ ಒಂದು ಸೀನು ಸೀನಿ ಕಣ್ಣು ಬಿಡುವಷ್ಟರಲ್ಲಿ ಪ್ರಪಾತ ಮುಗಿದಿತ್ತು.

ಮಿಸ್ಟರ್ ಬೋಸ್ಮಾ ತನ್ನ ಹಾಳೆಯನ್ನು ಮಡಚಿದ. ಮಡಚಿದ ರೀತಿಯಲ್ಲೇ ಫ್ಲಾನನಿಗೆ ಗಸ್‌ನ ಟ್ಯಾಂಕರಿನ ವಾಸನೆ ಬಂದಂತಾಯಿತು.

"ಮಿಸ್ಟರ್ ಹೆಹಿರ್, ಇದು ಖಾಸಗಿ ಪ್ರವಾಸ ಅಂತ ನಿಮ್ಮ ಚೀಟೀಲಿ ಇದೆ."

"ಹೌದು ಸಾರ್."

"ನಮ್ಮ ಹಿಂದೆ ತೊಂಬತ್ನಾಲ್ಕು ವಾಹನ ಇವೆ. ಅಲ್ಲಿವರೆಗೆ ಎಣಿಸಿದೆ. ಆಮೇಲೆ ತಿರುವು ಬಂತು."

"ಅವರೂ ಇದೇ ಕಡೆ ಹೋಗ್ತಿದಾರೆ ಸಾರ್. ಒಂದೇ ರಸ್ತೆ."

"ಎಲ್ಲಿಗೆ ಹೋಗ್ತಿದಾರೆ?"

ಇದು ಫ್ಲಾನನಿಗೂ ತಿಳಿಯಬೇಕಾಗಿದ್ದ ವಿಷಯವೇ. "ಸುಣ್ಣಕಲ್ಲು ನೋಡೋಕೆ," ಅಂದ. ಅವನ ಬಳಿ ಉಳಿದಿದ್ದ ಆಸೆ ಅದೊಂದೇ. ಕಿಲ್‌ಕೊರನ್‌ನ ಪಾಳು ಮಠದ ಸುತ್ತ ಬೂದುಬಣ್ಣದ ಸುಣ್ಣಕಲ್ಲು ಮೈಲಿಗಟ್ಟಲೆ ಹಾಸಿಕೊಂಡಿದೆ. ಅಲ್ಲಿ ಇಳಿಸಿ ಒಂದು ಗಂಟೆ ತಿರುಗಾಡಿಸಿದರೆ ಇಬ್ಬರ ಮುಖದಲ್ಲಿ ಸ್ವಲ್ಪವಾದರೂ ಕಳೆ ಬಂದೀತು. ಮಠದ ಅಂಗಳದಲ್ಲೇ ಊರಿನ ಹಳೆಯ ಸಮಾಧಿಗಳು ಇವೆಯೆಂಬುದು ಆ ಗಳಿಗೆಯಲ್ಲಿ ಅವನ ತಲೆಗೆ ಬರಲಿಲ್ಲ.

ಹಿಂದಿನವರ ತಲೆಗೆ ಬಂತು. ಫ್ಲಾನ್ ಮಠದ ಮುಂದೆ ಕಾರು ನಿಲ್ಲಿಸಿದ ಕೂಡಲೇ ಇನ್ನೂರು ಜನ ಇಳಿದು, ಬಟ್ಟೆ ಸರಿಮಾಡಿಕೊಂಡು, ಸಾಲಾಗಿ ನಿಂತರು. ಫ್ಲಾನ್ ಹೆಣದ ಗಾಡಿಗಾಗಿ ಕಣ್ಣಾಡಿಸಿದ. ಕಾಣಲಿಲ್ಲ. ಆಗಲೇ ಒಳಗೆ ಒಯ್ದಿದ್ದಾರೆ, ನಾವು ತಡವಾಗಿ ಬಂದೆವು ಎಂದುಕೊಂಡ.

ಅಷ್ಟರಲ್ಲಿ ಕೈಕುಲುಕುವುದು ಶುರುವಾಯಿತು. ಮೊದಲು ಥೇಡಿ, ಆಮೇಲೆ ಅಂಚೆಯವನು, ಆಮೇಲೆ ನೋರಾ, ಆಮೇಲೆ ಇಡೀ ಸೀಮೆ. ಒಬ್ಬೊಬ್ಬರೂ ಬೋಸ್ಮಾ ದಂಪತಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಇಲ್ಲಿ ಎಲ್ಲರೂ ಹೇಳುವ ಮಾತನ್ನೇ ಹೇಳಿದರು: "ನಿಮಗೆ ಹೀಗಾಗಿದ್ದಕ್ಕೆ ಬಹಳ ಬೇಜಾರು."

ಮಿಸ್ಟರ್ ಬೋಸ್ಮಾ ಮೊದಲ ಹತ್ತು ಜನರಿಗೆ ಬಿಗಿಯಾಗಿ ನಿಂತ. ಕೋಟೆ ತೋರಿಸದಿದ್ದದ್ದಕ್ಕೆ, ಪ್ರಪಾತ ತೋರಿಸದಿದ್ದದ್ದಕ್ಕೆ ಇವರೆಲ್ಲ ಕ್ಷಮೆ ಕೇಳಲು ಬಂದಿದ್ದಾರೆಂದು ಇಪ್ಪತ್ತನೆಯವನ ಹೊತ್ತಿಗೆ ಅವನಿಗೆ ಹೊಳೆಯಿತು. ಅವನ ಊರಿನಲ್ಲಿ ರೈಲು ಒಂದು ಗಂಟೆ ತಡವಾದರೂ ಕ್ಷಮೆ ಕೇಳಲು ಒಬ್ಬನೂ ಬರುತ್ತಿರಲಿಲ್ಲ. "ಪರವಾಗಿಲ್ಲ," ಅನ್ನತೊಡಗಿದ. "ನಿಮ್ಮ ತಪ್ಪೇನಿಲ್ಲ. ಆದರೆ ಬೇರೆಯವರಿಗೆ ಹೀಗೆ ಮಾಡಬೇಡಿ."

"ಎಂಥ ಗಟ್ಟಿ ಮನಸ್ಸು," ಅಂದಳು ನೋರಾ.

ಹಿಂದಿನಿಂದ ಯಾರೋ ಫ್ಲಾನನ ಕೋಟು ಎಳೆದರು. ಸಮಾಧಿ ತೋಡುವ ಅಣ್ಣತಮ್ಮಂದಿರಿಬ್ಬರು, ಕೈಯಲ್ಲಿ ಸನಿಕೆ, ಮುಖದಲ್ಲಿ ಕಳ್ಳರ ಕಳೆ.

"ಫ್ಲಾನ್, ನಮ್ಗೆ ಯಾರೂ ಹೇಳ್ಲಿಲ್ಲ ಅಂತ ನಾವು ಹೇಳ್ತಿಲ್ಲ," ಅಂದ ಅಣ್ಣ ತಗ್ಗಿದ ದನಿಯಲ್ಲಿ. "ಹೇಳಿರ್ಬೋದು. ನಾವು ಮರ್ತಿರ್ಬೋದು. ಎಲ್ಲಿ ತೋಡೋದು ಅಂತ ಒಂದು ಕಣ್ಸನ್ನೆ ಮಾಡ್ಬಿಡು ಸಾಕು. ಪಾದ್ರಿಗಳ ಮಾತು ಉದ್ದ ಆದ್ರೆ ಮೊಣಕಾಲುದ್ದ ತೆಗೀಬೋದು."

"ನನ್ನ ಯಾಕೆ ಕೇಳ್ತೀರಯ್ಯಾ?"

"ನಿನ್ನ ಬಿಟ್ಟು ಯಾರನ್ನ ಕೇಳೋಣ?"

ಆಗ ಪಾದ್ರಿಗಳು ಬಂದರು. ಫಾದರ್ ಕ್ಯೂಸಾಕ್ ಆ ಊರಿಗೆ ಬಂದು ಮೂರೇ ವಾರವಾಗಿತ್ತು. ತಮ್ಮ ಊರಿನಲ್ಲಿ ಸತ್ತವರು ಯಾರೆಂದು ಪಾದ್ರಿಗೇ ತಿಳಿಯದಿದ್ದರೆ ಬಿಷಪ್ಪರವರೆಗೆ ಸುದ್ದಿ ಹೋಗುತ್ತದೆಂಬ ಭಯ ಅವರ ಮುಖದ ಮೇಲೆಯೇ ಬರೆದಿತ್ತು. ಒಂದು ಬಂಡೆಯ ಮೇಲೆ ನಿಂತು ಪುಸ್ತಕ ತೆರೆದರು.

"ಪ್ರಿಯ ಜನರೇ, ಇವತ್ತು ನಾವು ನಮ್ಮ ಪ್ರೀತಿಯ..." ಎಂದು ನಿಲ್ಲಿಸಿ ಕೆಮ್ಮಿದರು. ಯಾರಾದರೂ ಹೆಸರು ಹೇಳಿಯಾರೆಂದು ಕಾದರು. ಇನ್ನೂರು ಜನ ಅದೇ ಹೆಸರಿಗಾಗಿ ಅವರ ಬಾಯಿಯನ್ನೇ ನೋಡುತ್ತಿದ್ದರು. "ನಮ್ಮೆಲ್ಲರಿಗೂ ಚೆನ್ನಾಗಿ ಪರಿಚಯವಿದ್ದ... ಪರಿಚಯ ಬೇಕಿಲ್ಲದ..." ಮತ್ತೆ ಕೆಮ್ಮು.

ಈ ಎರಡನೆಯ ಕೆಮ್ಮಿನಲ್ಲಿ ಜನ ದಾರಿ ಬಿಟ್ಟರು. ಡೆಲಿಯಾ ಬರುತ್ತಿದ್ದಳು. ಕಪ್ಪು ಉಡುಪು, ಕೈಯಲ್ಲಿ ಎರಡು ದೊಡ್ಡ ತಟ್ಟೆ ಮೊಟ್ಟೆಯ ಸ್ಯಾಂಡ್‌ವಿಚ್. ಫ್ಲಾನನ ಕಪ್ಪು ಕಾರಿನ ಸುತ್ತ ಇಡೀ ಊರು ಅಳುತ್ತ ಹೋಗುತ್ತಿದೆ ಎಂಬಷ್ಟೇ ಸುದ್ದಿ ಅವಳಿಗೆ ಮುಟ್ಟಿತ್ತು. ಉಳಿದದ್ದನ್ನು ಅವಳೇ ಊಹಿಸಿಕೊಂಡಿದ್ದಳು. ಗಂಡನ ಮುಂದೆ ಬಂದು ನಿಂತಳು.

"ನಿಂತಿದೀಯಲ್ಲ ನೀನು," ಅಂದಳು.

"ಹೂಂ."

"ಉಸಿರಾಡ್ತಿದೀಯಾ?"

"ಆಡ್ತಿದೀನಿ."

"ಹಾಗಾದ್ರೆ ಆರು ಮೈಲಿ ನಾನ್ಯಾಕೆ ಅಳ್ತಾ ಬಂದೆ?"

ಫ್ಲಾನ್ ಬೆರಗಾದ. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವನಿಗೆ ಇದು ಹೊಸ ಸುದ್ದಿ. "ನಿಜವಾಗ್ಲೂ ಅತ್ಯಾ?"

"ಸ್ವಲ್ಪ. ಮೊಟ್ಟೆ ಬೇಯೋವರ್ಗೆ. ತಟ್ಟೆ ಹಿಡ್ಕೊ."

ಆಗ ಮಿಸೆಸ್ ಬೋಸ್ಮಾ ಕೈ ಎತ್ತಿದಳು. ಸುಣ್ಣಕಲ್ಲಿನ ಬಯಲಿನಲ್ಲಿ ಹುಲ್ಲು ಕಡಿಮೆಯಾದ್ದರಿಂದ ಅವಳ ಕಣ್ಣು ಸ್ವಲ್ಪ ಸುಧಾರಿಸಿತ್ತು. ಸುತ್ತಲಿನದು ಈಗ ಸರಿಯಾಗಿ ಕಾಣುತ್ತಿತ್ತು. ಕಪ್ಪು ಬಟ್ಟೆ, ಪಾದ್ರಿ, ಸನಿಕೆ.

"ನನಗೆ ಒಂದು ಪ್ರಶ್ನೆ ಇದೆ," ಅಂದಳು ಸ್ಪಷ್ಟವಾಗಿ. "ಇಲ್ಲಿ ಸತ್ತವರು ಯಾರು?"

ಇನ್ನೂರು ಎದೆಗಳಲ್ಲಿ ಒಟ್ಟಿಗೆ ಒಂದೇ ಕೃತಜ್ಞತೆ ಮೂಡಿತು. ಕೊನೆಗೂ ಯಾರೋ ಕೇಳಿದರು. ಎಲ್ಲರೂ ಪಾದ್ರಿಗಳನ್ನು ನೋಡಿದರು. ಪಾದ್ರಿಗಳು ನೋರಾಳನ್ನು ನೋಡಿದರು.

"ಥೇಡಿ ಮೊದಲಿಂದ ಇದಾನೆ ಫಾದರ್," ಅಂದಳು ನೋರಾ. "ಅವನು ಹೇಳ್ತಾನೆ."

"ನಾನು ಫ್ಲಾನ್ ಹಿಂದೆ ಬಂದೆ," ಅಂದ ಥೇಡಿ. "ಫ್ಲಾನ್, ಹೇಳೋ."

ಫ್ಲಾನ್ ಎರಡು ತಟ್ಟೆ ಸ್ಯಾಂಡ್‌ವಿಚ್ ಹಿಡಿದುಕೊಂಡು ನಿಂತಿದ್ದ. ಎದುರಿಗೆ ಮಿಸ್ ಟಾಲ್ಟಿ. ಅವಳ ಪಕ್ಕದಲ್ಲಿ ಹಾಳೆ ಮಡಚಿದ ಮಿಸ್ಟರ್ ಬೋಸ್ಮಾ. ದೂರದಲ್ಲಿ, ಗಾಳಿ ಬೀಸಿಹೋಗುವ ದಿಕ್ಕಿನಲ್ಲಿ, ಗಸ್‌ನ ಟ್ಯಾಂಕರು. ಆಸ್ಟ್ರೇಲಿಯಾದಲ್ಲಿ ಯಾರೋ ದೊಡ್ಡಪ್ಪ ಸತ್ತ ಎಂದು ಒಂದು ಹೆಸರು ಹುಟ್ಟಿಸಿ ಹೇಳಿದ್ದರೆ ಇನ್ನೂರು ಜನ ಕೈಮುಗಿದು ನಂಬುತ್ತಿದ್ದರು. ಆ ಯೋಚನೆ ಅವನಿಗೆ ಬಂತು. ಆದರೆ ಮಧ್ಯಾಹ್ನದ ಊಟವಾಗಿರಲಿಲ್ಲ, ಹೆಸರು ಹೊಳೆಯಲಿಲ್ಲ.

"ನಂಗೊತ್ತಿಲ್ಲ ಮೇಡಂ," ಅಂದ. "ನಾನು ಮುಂದಿನ ಹೆಣದ ಗಾಡಿ ಹಿಂದೆ ಬಂದೆ."

"ಯಾವ ಗಾಡಿ?" ಅಂದ ಸಾರ್ಜೆಂಟ್. "ನಿನ್ನ ಮುಂದೆ ಗಾಡಿ ಎಲ್ಲಿತ್ತು? ಒಂದು ಹಸು ಇತ್ತು. ನಾನೇ ಓಡ್ಸಿದೆ."

ಸತ್ಯ ಒಂದೊಂದು ಮುಖದ ಮೇಲೂ ಇಳಿಯಲು ಒಂದು ನಿಮಿಷ ಹಿಡಿಯಿತು. ಸಮಾಧಿ ತೋಡುವ ಅಣ್ಣ ಸನಿಕೆಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡ. ದಾರಿಯುದ್ದಕ್ಕೂ ಸತ್ತವರ ದಾನಧರ್ಮದ ಕಥೆ ಹೇಳುತ್ತ ಬಂದಿದ್ದ ಹೆಂಡದಂಗಡಿಯವನು ಮೋಡ ನೋಡತೊಡಗಿದ. ಸತ್ತವರು ತನಗೆ ಒಂದು ಕರು ಕೊಟ್ಟಿದ್ದರೆಂದು ಕಣ್ಣೀರು ಹಾಕಿದ್ದ ಅಂಚೆಯವನು ಅವನ ಪಕ್ಕದಲ್ಲೇ ನಿಂತು ಅದೇ ಮೋಡ ನೋಡಿದ.

ಥೇಡಿ ಮೊದಲು ಬಾಯಿಬಿಟ್ಟ. "ಇದು ಬ್ಯಾಲಿವಾರಾದೋರಿಗೆ ಗೊತ್ತಾದ್ರೆ?"

ಬ್ಯಾಲಿವಾರಾ ಪಕ್ಕದ ಊರು. ಎರಡೂ ಊರಿನ ನಡುವೆ ಜಗಳವೇನಿಲ್ಲ. ಎಂಬತ್ತು ವರ್ಷದಿಂದ ಒಬ್ಬರು ಬಿದ್ದರೆ ಇನ್ನೊಬ್ಬರು ಕೂತು ನಗುತ್ತಾರೆ, ಅಷ್ಟೆ.

"ನಮ್ಮೋರು ಯಾರೂ ಹೇಳಲ್ಲ," ಅಂದಳು ನೋರಾ.

"ನಮ್ಮೋರು ಹೇಳಲ್ಲ," ಅಂದಳು ಮಿಸ್ ಟಾಲ್ಟಿ. ಅವಳ ಮುಖ ಕೆಂಪಾಗಿತ್ತು. ತನ್ನ ಗಿರಾಕಿಗಳೆಂದು ಗೊತ್ತಿದ್ದೂ, ಎಲ್ಲರೂ ಕುಲುಕುತ್ತಿದ್ದಾರೆಂದು ಅವಳೂ ಬೋಸ್ಮಾಗಳ ಕೈಕುಲುಕಿದ್ದಳು, ಅದೂ ಎರಡು ಸಲ. "ಆದ್ರೆ ಇವತ್ತು ಸಂಜೆ ಬ್ಯಾಲಿವಾರಾ ಡಾಕ್ಟರ ಮನೆಯೋರು ಹೋಟೆಲ್‌ಗೆ ಊಟಕ್ಕೆ ಬರ್ತಾರೆ. ಪಕ್ಕದ ಮೇಜಲ್ಲಿ ಈ ದಂಪತಿ ಕೂತಿರ್ತಾರೆ. ಕೋಪದಲ್ಲಿರೋ ಗಿರಾಕಿ ಏನೇನು ಹೇಳ್ತಾನೆ ಅಂತ ನಂಗೊತ್ತು."

ಇನ್ನೂರು ಜನ ನಿಧಾನವಾಗಿ ಬೋಸ್ಮಾ ದಂಪತಿಯ ಕಡೆ ತಿರುಗಿದರು. ಗಂಡ ಒಂದು ಹೆಜ್ಜೆ ಹಿಂದೆ ಸರಿದ.

"ಸಾರ್," ಅಂದರು ಫಾದರ್ ಕ್ಯೂಸಾಕ್, ಪುಸ್ತಕ ಮುಚ್ಚಿ ಬಂಡೆಯಿಂದ ಇಳಿಯುತ್ತ. "ಈ ಮಠದ ಬಗ್ಗೆ ತಮಗೆ ಸ್ವಲ್ಪ ಹೇಳಬಹುದಾ?"

ಅನಂತರ ನಡೆದಂಥ ಪ್ರವಾಸ ಆ ಸೀಮೆಯಲ್ಲಿ ಹಿಂದೆ ನಡೆದಿರಲಿಲ್ಲ. ಪಾದ್ರಿಗಳು ಮಠದ ಒಂದೊಂದು ಕಂಬದ ಕಥೆ ಹೇಳಿದರು. ಗೊತ್ತಿಲ್ಲದ ಕಡೆ ದೇವರ ಮೇಲೆ ಭಾರ ಹಾಕಿದರು. ಸಮಾಧಿ ತೋಡುವವರು ಮೊಣಕಾಲೂರಿ ಸುಣ್ಣಕಲ್ಲಿನ ಬಿರುಕುಗಳೊಳಗೆ ಅರಳಿದ ನೀಲಿ ಹೂವನ್ನೂ ಕಲ್ಲಿನಲ್ಲಿ ಸೇರಿಹೋದ ಕಪ್ಪೆಚಿಪ್ಪನ್ನೂ ತೋರಿಸಿದರು. ಎಲ್ಲರೂ ಡೆಲಿಯಾಳ ಸ್ಯಾಂಡ್‌ವಿಚ್ ತಿಂದರು. ಸಾರ್ಜೆಂಟ್ ಪ್ರಪಾತದ ರಸ್ತೆಯನ್ನು ಎರಡೂ ಕಡೆ ಮುಚ್ಚಿಸಿದ. ಇನ್ನೂರು ಜನ ಹಿಂದೆ ರಸ್ತೆಯಲ್ಲೇ ಕಾದರು, ಸಂಜೆಯ ಬಿಸಿಲಿನಲ್ಲಿ ಬೋಸ್ಮಾ ದಂಪತಿ ಆ ಇಡೀ ಕಡಲಂಚಿನಲ್ಲಿ ಇಬ್ಬರೇ ನಿಂತರು. ಕೋಟೆಯಲ್ಲಿ ನೋರಾ ಹನ್ನೆರಡು ವರ್ಷದಿಂದ ತೆರೆಯದ ಮೇಲ್ಗೋಪುರದ ಬೀಗವನ್ನು ಥೇಡಿಯ ಕೈಯಲ್ಲಿ ಸುತ್ತಿಗೆಯಿಂದ ಹೊಡೆಸಿ ತೆಗೆಸಿದಳು. ಎಲ್ಲ ಕಡೆಯೂ ಫ್ಲಾನ್ ಮುಂದೆ ನಡೆದು, "ಇದು ಕೋಟೆ ಸಾರ್," "ಇದು ಸಮುದ್ರ ಮೇಡಂ" ಎಂದು ಮಾರ್ಗದರ್ಶನ ಮಾಡಿದ.

ಹೋಟೆಲಿನ ಬಾಗಿಲಲ್ಲಿ ಮಿಸ್ಟರ್ ಬೋಸ್ಮಾ ಮಿಸ್ ಟಾಲ್ಟಿಗೆ ಹೇಳಿದ್ದನ್ನು ಫ್ಲಾನ್ ಕಾರಿನಲ್ಲಿ ಕೂತೇ ಕೇಳಿದ.

"ಇಷ್ಟು ಖಾಸಗಿಯಾದ ಪ್ರವಾಸ ನಾವು ಎಲ್ಲೂ ಮಾಡಿಲ್ಲ. ಪ್ರಪಾತದಲ್ಲಿ ಒಬ್ಬರೂ ಇರಲಿಲ್ಲ. ಆ ಇನ್ನೂರು ಜನರನ್ನ ಬಿಟ್ಟರೆ."

ಫ್ಲಾನನ ಹೆಸರು ಪಟ್ಟಿಗೆ ಸೇರಿತು. ಡಾಕ್ಟರ ಮನೆಯವರಿಗೆ ಆ ಸಂಜೆ ಮಿಸ್ ಟಾಲ್ಟಿ ಊಟದ ಮನೆಯ ಇನ್ನೊಂದು ತುದಿಯಲ್ಲಿ ಮೇಜು ಕೊಟ್ಟಳು. ಡೆಲಿಯಾ ಕಾರಿನ ಪರದೆಗಳನ್ನು ತಾನೇ ಒಗೆದು ಇಸ್ತ್ರಿ ಹಾಕಿದಳು. ಹದಿನೈದು ದಿನದಲ್ಲಿ ಫ್ಲಾನ್ ಆರು ಪ್ರವಾಸ ಮಾಡಿದ. ಒಂದರಲ್ಲೂ ಯಾರೂ ಟೋಪಿ ತೆಗೆಯಲಿಲ್ಲ. ಊರು ಈಗ ಬುದ್ಧಿ ಕಲಿತಿತ್ತು. ಕಪ್ಪು ಕಾರು ಕಂಡರೆ ಜನ ಒಬ್ಬರನ್ನೊಬ್ಬರು ನೋಡಿ ನಕ್ಕು ತಮ್ಮ ಕೆಲಸ ಮುಂದುವರಿಸುತ್ತಿದ್ದರು.

ಮೂರನೆಯ ಗುರುವಾರ ಮಧ್ಯಾಹ್ನ ಥೇಡಿ ಗೋಡೆಯ ಪಕ್ಕ ಹುಲ್ಲು ಹರಡುತ್ತಿದ್ದ. ಉದ್ದನೆಯ ಕಪ್ಪು ಕಾರು ನಿಧಾನವಾಗಿ ಬಂತು. ಈ ಸಲ ಅದರ ಮುಂದೆ ಗಾಜಿನ ಕಪ್ಪು ಗಾಡಿಯೂ ಒಂದಿತ್ತು, ಒಳಗೆ ಹೂವಿನ ರಾಶಿ.

"ಫ್ಲಾನ್ ವ್ಯಾಪಾರ ಬೆಳೀತಿದೆ," ಅಂದುಕೊಂಡ ಥೇಡಿ. ಒಳಗೆ ಅಳುತ್ತಿದ್ದ ವಯಸ್ಸಾದ ಹೆಂಗಸನ್ನು ನೋಡಿ ಕೈ ಬೀಸಿದ. "ಹುಲ್ಲಿಂದಾನಾ ಅಮ್ಮಾ? ಪರವಾಗಿಲ್ಲ, ಸುಣ್ಣಕಲ್ಲಿನ ಹತ್ರ ಹೋದ್ರೆ ಸರಿಹೋಗತ್ತೆ. ಪ್ರಪಾತದಲ್ಲಿ ಗಾಳಿ ಜಾಸ್ತಿ, ಟೋಪಿ ಭದ್ರ."

ಹೆಂಡದಂಗಡಿಯಿಂದ ಇಬ್ಬರು ಲೋಟ ಎತ್ತಿ ಶುಭ ಕೋರಿದರು. ಸಾರ್ಜೆಂಟ್ ಕಾರನ್ನು ತಡೆದು ಎರಡು ಬಸ್ಸುಗಳನ್ನು ಮುಂದೆ ಬಿಟ್ಟ. ನೋರಾ ಕೋಟೆಯ ಗೇಟಿಗೇ ಬಂದು ಟಿಕೆಟ್ ಪುಸ್ತಕ ಆಡಿಸಿದಳು.

ಅದು ಫ್ಲಾನನ ಕಾರಾಗಿರಲಿಲ್ಲ. ಡಬ್ಲಿನ್‌ನಲ್ಲಿ ತೀರಿಕೊಂಡ ಒಬ್ಬ ಹಿರಿಯ ಪಾದ್ರಿಯ ಶವಯಾತ್ರೆ. ಹುಟ್ಟೂರಿನಲ್ಲಿ ಮಣ್ಣು ಮಾಡಲು ತಂದದ್ದು. ಕಾರಿನಲ್ಲಿ ಅಳುತ್ತಿದ್ದವಳು ಅವರ ತಂಗಿ. ಅವರ ಹುಟ್ಟೂರು ಬ್ಯಾಲಿವಾರಾ.

ಭಾನುವಾರದ ಪೂಜೆಯಲ್ಲಿ ಫಾದರ್ ಕ್ಯೂಸಾಕ್ ತೆರೆದ ಪುಸ್ತಕವನ್ನು ಮುಚ್ಚಿಟ್ಟರು.

"ಇವತ್ತು ಉಪದೇಶ ಇಲ್ಲ," ಅಂದರು. "ಫ್ಲಾನ್, ನಿನ್ನ ಕಾರಿಗೆ ಬಣ್ಣ ಹೊಡಿ. ಬುಧವಾರದೊಳಗೆ. ಹಳದಿ ಆದ್ರೆ ಒಳ್ಳೇದು."

"ಆಮೆನ್," ಅಂದಿತು ಇಡೀ ಚರ್ಚು. ಆ ಚರ್ಚು ಕಟ್ಟಿದಂದಿನಿಂದ ಅಲ್ಲಿ ಅಷ್ಟು ಭಕ್ತಿಯ ಆಮೆನ್ ಕೇಳಿಬಂದಿರಲಿಲ್ಲ.